ವಿರಾಮವು ಯಾರ ಸೊತ್ತು?

ನಮ್ಮ ಹಳಿಯಾಳ, ಜೋಯಿಡಾ ಕಡೆಯ ಮನೆಗಳಲ್ಲಿ ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಹೊಸ್ತಿಲಿನ ಮೇಲೆ ಓಡಾಡುತ್ತಿರುವವು. ಹೀಗೆ ಓಡಾಡುವ ಶಬ್ದಗಳಲ್ಲಿ ಕೆಲವು ಹೊಸ್ತಿಲು ದಾಟಿದೊಡನೆ ತಮ್ಮ ಗುಣವನ್ನೇ ಬದಲಿಸಿಕೊಳ್ಳುವದುಂಟು. ‘ಹವ್ಯಾಸ’ವೆಂಬದು ಅಂಥದೊಂದು ಶಬ್ದ. ಕನ್ನಡದಲ್ಲಿ ಹವ್ಯಾಸವೆಂದರೆ ರೂಢಿ. ಬಿಡುವಿನ ವೇಳೆಯಲ್ಲಿ ಮನವೊಪ್ಪಿ ಮಾಡುವ ಕೆಲಸ. ಅದೇ ಶಬ್ದವು ಮರಾಠಿಗೆ ಹೋದರೆ ಹೊಟ್ಟೆ ತುಂಬಿದ ಮೇಲೂ ಇಂಗದ ಆಸೆ, ಅತಿಯಾಸೆ ಎಂದಾಗುವದು. ನಾವು ಹವ್ಯಾಸವೆನ್ನುವದಕ್ಕೆ ಮರಾಠಿಗರು ‘ಛಂದ’ವೆನ್ನುವರು. ಇದರ ಮೂಲವನ್ನು ಶಬ್ದಶಾಸ್ತ್ರಜ್ಞರು ಹುಡುಕಲಿ. ನನಗೆ ಪ್ರಕೃತವಾದುದು ಇಷ್ಟೇ: ಮನೆಯ ಮಗನು ತನಗೊಂದು ಹವ್ಯಾಸವಿದೆಯೆಂದರೆ ಹಿರಿಯರು ಅದನ್ನು ಕನ್ನಡದಲ್ಲಿ ಕೇಳಿಸಿಕೊಳ್ಳುವರು, ದುಡಿಯುವ ಮಗಳು ಅದೇ ಮಾತನ್ನಾಡಿದರೆ ಅವರ ಕಿವಿಗೆ ಅದು ಮರಾಠಿಯಾಗಿ ಬೀಳುವದು.

ದುಡಿಯುವ ಹೆಂಗಸು ನಮ್ಮ ಸೀಮೆಗೆ ಹೊಸಬಳೇನೂ ಅಲ್ಲ. ಗದ್ದೆಯ ನಾಟಿ, ಕಾಡಿನ ಸೌದೆ, ಒಲೆ, ತೊಟ್ಟಿಲು ಎಲ್ಲವೂ ಅವಳ ಪಾಲಿಗೇ ಇದ್ದವು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳನ್ನು ಓದಿದರೆ ಸಾಕು. ನೂಲುವದು, ಕುಟ್ಟುವದು, ಆಯುವದು ಅವರ ಹೆಸರುಗಳ ಮುಂದೆ ಬಿರುದಿನಂತೆ ನಿಂತಿರುವವು. ಹೊಸದಾಗಿ ಬಂದದ್ದು ಗಡಿಯಾರ. ದಾಂಡೇಲಿಯ ಕಾಗದದ ಕಾರಖಾನೆಯ ಕಂಪನಿಯು 1955ರಲ್ಲಿ ಸ್ಥಾಪನೆಯಾಯಿತು. ಅಲ್ಲಿಂದ ಮುಂದೆ ಆ ಊರಿನ ಹಗಲು ರಾತ್ರಿಗಳು ಪಾಳಿಗಳಲ್ಲಿ ಹಂಚಿಹೋದವು. ಕಾಳೀ ನದಿಗೆ ಅಣೆಕಟ್ಟು ಬಂದು ಹಳೆಯ ಸೂಪಾ ಪಟ್ಟಣವು ನೀರಿನಡಿ ಸೇರಿದಾಗ ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಇಂದು ನಾಲ್ಕೂ ತಾಲೂಕುಗಳಲ್ಲಿ ಬ್ಯಾಂಕು, ಶಾಲೆ, ಆಸ್ಪತ್ರೆ, ಪಂಚಾಯತಿ ಕಚೇರಿ, ನದಿಯ ದಂಡೆಯ ಪ್ರವಾಸಿಗೃಹ ಎಲ್ಲಿ ನೋಡಿದರೂ ಇಪ್ಪತ್ತೈದರ ಆಸುಪಾಸಿನ ಹುಡುಗಿಯರು ಮೇಜಿನ ಹಿಂದೆ ಕುಳಿತಿರುವದನ್ನು ಕಾಣಬಹುದು. 1948ರ ಕಾರಖಾನೆ ಕಾಯಿದೆಯು ಕಾರ್ಮಿಕನ ವಾರಕ್ಕೆ 48 ತಾಸುಗಳ ಮಿತಿಯನ್ನು ಹಾಕಿತು. ಒಲೆಯ ಮುಂದಿನ ತಾಸುಗಳನ್ನು ಎಣಿಸುವ ಕಾಯಿದೆ ಮಾತ್ರ ಎಂದೂ ಹುಟ್ಟಲಿಲ್ಲ. ಕಚೇರಿಗೂ ಒಲೆಗೂ ನಡುವೆ ಏನಾದರೂ ಉಳಿದರೆ, ಆ ಉಳಿದ ಹೊತ್ತು ಯಾರದು? ಸಂಬಳವು ಯಾರದೆಂಬ ಜಗಳವನ್ನು ನಮ್ಮ ಮನೆಗಳು ಹೇಗೋ ಬಗೆಹರಿಸಿಕೊಂಡಿವೆ. ಹೊತ್ತಿನ ವಿಷಯದಲ್ಲಿ ಜಗಳವೇ ಎದ್ದಿಲ್ಲ. ಏಳದಿದ್ದುದರಿಂದ ಅದು ನ್ಯಾಯವಾಗಿಯೇ ನಡೆದಿದೆಯೆಂದು ತಿಳಿದುಕೊಂಡಿದ್ದೇವೆ.

ನನ್ನ ಪರಿಚಯದ ಒಬ್ಬ ತರುಣಿಯ ದಿನಚರಿಯನ್ನು ಇಲ್ಲಿ ಹೇಳುವೆನು. ಹೆಸರು ಬೇಡ, ಓದುವ ಮನೆಗಳಲ್ಲಿ ಇಂಥವಳೊಬ್ಬಳು ಇದ್ದೇ ಇರುವಳು. ಅವಳ ಮನೆ ಹಳಿಯಾಳದ ಹತ್ತಿರದ ಒಂದು ಹಳ್ಳಿ, ನೌಕರಿ ದಾಂಡೇಲಿಯಲ್ಲಿ. ಮನೆಯಲ್ಲಿ ಅಪ್ಪ, ಅವ್ವ, ಒಬ್ಬ ತಮ್ಮ. ಬೆಳಿಗ್ಗೆ ಐದಕ್ಕೆ ಎದ್ದು ಅವ್ವನೊಡನೆ ರೊಟ್ಟಿ ಬಡಿದು, ಪಲ್ಯ ಮಾಡಿ, ಮೂವರ ಬುತ್ತಿ ಕಟ್ಟಿ, ಎಂಟರ ಬಸ್ಸು ಹಿಡಿಯುವಳು. 2023ರ ಜೂನದಿಂದ ಸರಕಾರದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲವಾದ್ದರಿಂದ ದುಡ್ಡು ಉಳಿದಿದೆ, ಹೊತ್ತು ಉಳಿದಿಲ್ಲ. ಸಂಜೆ ಏಳಕ್ಕೆ ಮನೆ, ಮತ್ತೆ ಒಲೆ. ಇದರಲ್ಲಿ ಗೋಳಾಡತಕ್ಕದ್ದೇನೂ ಇಲ್ಲವೆಂದು ಅವಳೇ ಹೇಳುವಳು.

ಆದರೆ ಕಳೆದ ಎರಡು ವರ್ಷಗಳಿಂದ ಅವಳ ರವಿವಾರಗಳು ಬದಲಾಗಿವೆ. ಮುಂಡಗೋಡಿನ ಟಿಬೇಟಿ ವಸತಿಗೆ ಒಮ್ಮೆ ಹೋದವಳು ಅಲ್ಲಿ ಮೊಮೊ ತಿಂದು ಬಂದು, ಮೈದಾ ಕಣಕವನ್ನು ಕಾಗದದಂತೆ ತೆಳ್ಳಗೆ ಲಟ್ಟಿಸಿ, ಒಳಗೆ ಕೋಸು ತುಂಬಿ, ನೆರಿಗೆ ಹಿಡಿದು ಮುಚ್ಚುವ ವಿದ್ಯೆಯನ್ನು ಇಡ್ಲಿಯ ಪಾತ್ರೆಯಲ್ಲಿ ಸಾಧಿಸುತ್ತಿರುವಳು. ಊರಿನ ಅಂಚಿನ ಸಿದ್ದಿ ಅಜ್ಜಿಯೊಬ್ಬಳ ಹತ್ತಿರ ಕುಳಿತು ಕೌದಿ ಹೊಲಿಯುವದನ್ನು ಕಲಿಯುವಳು. ತಿಂಗಳಿಗೊಂದು ಸಲ ಬೆಳಗಿನ ಬಸ್ಸಿಗೆ ದಾಂಡೇಲಿಗೆ ಹೋಗಿ ಕಟ್ಟಿಗೆಯ ಡಿಪೋದ ಹತ್ತಿರ ಮಂಗಟ್ಟೆ ಹಕ್ಕಿಗಳನ್ನು ನೋಡಿ ಬರುವಳು. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು, ಸಣ್ಣದೊಂದು ಸೀಳನ್ನಷ್ಟೇ ಉಳಿಸಿ, ಮೊಟ್ಟೆಗಳಿಗೆ ಕಾವು ಕೊಡುವದು. ಗಂಡು ವಾರಗಟ್ಟಲೆ ಹಣ್ಣು ತಂದು ಆ ಸೀಳಿನಲ್ಲಿ ಉಣಿಸುವದು. ಹೆಣ್ಣು ಮನೆಯೊಳಗೇ ಇರತಕ್ಕದ್ದೆಂಬವರಿಗೂ, ಗಂಡು ಊಟ ಬಡಿಸತಕ್ಕದ್ದೆಂಬವರಿಗೂ ಒಂದೇ ಹಕ್ಕಿಯಲ್ಲಿ ಸಾಕ್ಷಿ ದೊರೆಯುವದರಿಂದ, ಪಕ್ಷಿಗಳನ್ನು ನೋಡಿ ಪಕ್ಷ ಹಿಡಿಯುವದನ್ನು ನಾನು ಬಿಟ್ಟುಬಿಟ್ಟಿದ್ದೇನೆ.

ಈಗ ಅಡಿಗೆಯ ಮಾತಿಗೆ ಬರೋಣ. ಸೋಮವಾರದ ರೊಟ್ಟಿಯನ್ನೂ ರವಿವಾರದ ಮೊಮೊವನ್ನೂ ಮಾಡುವ ಕೈ ಒಂದೇ, ಬೆಂಕಿ ಒಂದೇ, ಹಿಟ್ಟು ನಾದುವ ಶ್ರಮವೂ ಒಂದೇ. ಒಂದನ್ನು ಕೆಲಸವೆಂದೂ ಇನ್ನೊಂದನ್ನು ಹವ್ಯಾಸವೆಂದೂ ಯಾವ ಆಧಾರದ ಮೇಲೆ ಕರೆಯುವೆವು? ಸಂತೋಷದ ಮೇಲೆ ಎನ್ನೋಣವೆಂದರೆ, ಸೋಮವಾರದ ರೊಟ್ಟಿ ಉಬ್ಬಿದಾಗಲೂ ಸಂತೋಷವಾಗುವದು. ಹೊಸತನದ ಮೇಲೆ ಎನ್ನೋಣವೆಂದರೆ, ಹತ್ತನೆಯ ಸಲದ ಮೊಮೊದಲ್ಲಿ ಹೊಸತೇನಿದೆ? ನನಗೆ ತೋರುವ ಭೇದವು ಬೇರೆ. ಮೊಮೊ ಹರಿದು ಹೋದರೆ ಯಾರೂ ಕೇಳುವವರಿಲ್ಲ. ಎಲ್ಲರೂ ನಕ್ಕು ಚೂರುಗಳನ್ನು ತಿನ್ನುವರು. ಸೋಮವಾರದ ಸಾರಿನಲ್ಲಿ ಉಪ್ಪು ಹೆಚ್ಚಾದರೆ ಅದು ಮೂರು ದಿನದ ಮಾತಾಗುವದು. ಯಾವುದನ್ನು ಕೆಡಿಸಿದರೂ ಲೆಕ್ಕ ಒಪ್ಪಿಸಬೇಕಾಗಿಲ್ಲವೋ ಅದು ವಿರಾಮ. ಕೆಡಿಸುವ ಸ್ವಾತಂತ್ರ್ಯವಿಲ್ಲದ ಕಡೆಯಲ್ಲಿ ಎಷ್ಟು ರುಚಿ, ಎಷ್ಟು ನೈಪುಣ್ಯವಿದ್ದರೂ ಅದು ಚಾಕರಿಯೇ ಸರಿ.

ಗಂಡಸಿನ ಅಡಿಗೆಯು ಯಾವಾಗಲೂ ಕಲೆಯಾಗಿ ಎಣಿಸಲ್ಪಟ್ಟುದಕ್ಕೆ ಇದೇ ಕಾರಣವೆಂದು ತೋರುತ್ತದೆ. ನಳಪಾಕ, ಭೀಮಪಾಕವೆನ್ನುವೆವು, ದಮಯಂತೀಪಾಕವೆಂಬದನ್ನು ಕೇಳಿದವರಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ಭಾಗವುಂಟು, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದ ವಿವರವುಂಟು, ಮಂಗರಸನು ಪದ್ಯದಲ್ಲಿಯೇ ‘ಸೂಪಶಾಸ್ತ್ರ’ವನ್ನು ಬರೆದನು. ದೊರೆಗಳೂ ಪಂಡಿತರೂ ಬರೆದ ಈ ಗ್ರಂಥಗಳು ನಮಗೆ ಹೆಮ್ಮೆಯವೇ. ಆದರೆ ದೊರೆಯ ಸಾರು ಕೆಟ್ಟರೆ ದೊರೆಯನ್ನು ಬಯ್ಯುವವರು ಯಾರು? ದಿನಾಲು ಎರಡು ಹೊತ್ತು ಬೇಯಿಸಿದವಳಿಗೆ ಶಾಸ್ತ್ರ ಬರೆಯುವ ಪುರಸೊತ್ತು ಇರಲಿಲ್ಲ. ಇದ್ದಿದ್ದರೂ ಅವಳು ಬರೆಯುತ್ತಿದ್ದುದು ಬಹುಶಃ ಪಾಕದ ಮೇಲೆ ಆಗಿರಲಾರದು.

ಮನೆಯವರು ಹವ್ಯಾಸಕ್ಕೆ ಅಡ್ಡಿಯಾಗುವರೆಂದು ತಿಳಿಯಬಾರದು. ಸುಶಿಕ್ಷಿತ ಮನೆಗಳಲ್ಲಿ ಈಗ ಹಾಗೆ ಅಡ್ಡಿಪಡಿಸುವವರು ಕಡಿಮೆ. ಅವರು ಅದಕ್ಕಿಂತ ಸೂಕ್ಷ್ಮವಾದ ಕೆಲಸವೊಂದನ್ನು ಮಾಡುವರು: ಅದನ್ನು ಹೊಗಳುವರು. ‘ಚೊಲೊ ಆಗ್ಯದ, ಮಾರಬಹುದಲ್ಲ’ ಎನ್ನುವರು. ಆ ತರುಣಿಯ ಮೊದಲನೆಯ ಕೌದಿ ಮುಗಿಯುವ ಮೊದಲೇ ಅದರ ಬೆಲೆ ನಾಲ್ಕು ಬಾಯಿಗಳಲ್ಲಿ ನಿರ್ಣಯವಾಗಿತ್ತು. ಮಾರುವದರಲ್ಲಿ ಹೀನವೇನಿದೆಯೆಂದು ವಾಚಕರು ಕೇಳಬಹುದು. ಏನೂ ಇಲ್ಲ. ಸಿದ್ದಿ ಹೆಂಗಸರು ತಮ್ಮ ಕೌದಿಗಳನ್ನು ದೂರದೂರದ ಊರುಗಳಿಗೆ ಮಾರಿ ಕೈಯಲ್ಲಿ ಸ್ವಂತ ದುಡ್ಡು ಕಂಡಿರುವದು ಒಳ್ಳೆಯದೇ. ಹಸಿದವನ ಮುಂದೆ ನಿಷ್ಕಾಮದ ಪಾಠವನ್ನೋದುವದು ಅಸಹ್ಯ. ನನ್ನ ಆಕ್ಷೇಪವು ಸಂಬಳ ತರುವ ಹುಡುಗಿಯ ವಿಷಯದಲ್ಲಿ. ಅವಳ ಆರು ದಿನಗಳಿಗೆ ಬೆಲೆ ಕಟ್ಟಿಯಾಗಿದೆ. ಏಳನೆಯದಕ್ಕೂ ಬೆಲೆ ಕಟ್ಟಿದ ಮೇಲೆಯೇ ನಮಗೆ ಸಮಾಧಾನವೇಕೆ? ಬೆಲೆ ಬಂದೊಡನೆ ಗಡುವು ಬರುವದು, ಗಡುವಿನೊಡನೆ ‘ಕೆಡಿಸಬೇಡ’ವೆಂಬ ಮಾತು ಬರುವದು, ರವಿವಾರವು ಸೋಮವಾರವಾಗುವದು.

ಕೌದಿಯ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆನು. ನಮ್ಮ ಕಾಡಿನ ಸಿದ್ದಿಗಳ ಪೂರ್ವಜರಲ್ಲಿ ಬಹು ಮಂದಿ ಪೋರ್ತುಗೀಜರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಮೇಲೆ ಬಂದವರೆಂದು ಹೇಳುವರು. ಅಂದರೆ ತಮ್ಮ ದಿನದ ಒಂದು ಕ್ಷಣವೂ ತಮ್ಮದಲ್ಲದ ಸ್ಥಿತಿಯನ್ನು ಕಂಡ ಕುಲ. ಅವರ ಕೌದಿ ಹಳೆಯ ಸೀರೆ, ಹರಿದ ಅಂಗಿಗಳ ಚಿಂದಿಯಿಂದ ಆಗುವದು. ಅಂಚಿನಿಂದ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುವರು. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಹೂವಿನಂತೆ ಕೂಡಿಸುವರು. ಅದಿಲ್ಲದ ಕೌದಿಯನ್ನು ಪೂರ್ಣವೆಂದು ಅವರು ಎಣಿಸುವದಿಲ್ಲ. ಆ ಹೂವಿನಿಂದ ಹೊದ್ದವರಿಗೆ ಒಂದು ಎಳೆಯಷ್ಟೂ ಹೆಚ್ಚಿನ ಬೆಚ್ಚಗಾಗದು. ‘ಹೊಟ್ಟೆ ತುಂಬಿದವರಿಗೆ ಹವ್ಯಾಸ, ಬಡವರಿಗೆ ಅದೆಲ್ಲಿಯದು’ ಎನ್ನುವವರು ಈ ನಾಲ್ಕು ಮೂಲೆಗಳನ್ನು ಒಮ್ಮೆ ಮುಟ್ಟಿ ನೋಡಬೇಕು.

ಆದರೆ ನಿಜವಾದ ತೊಡಕು ಇನ್ನೂ ಮುಂದಿದೆ. ತರುಣಿ ರವಿವಾರ ಹಕ್ಕಿ ನೋಡಲು ಹೋದಾಗ ಮನೆಯಲ್ಲಿ ರೊಟ್ಟಿ ಬಡಿದವರು ಯಾರು? ಅವ್ವ. ಮಗಳ ಬಿಡುವು ಆಕಾಶದಿಂದ ಉದುರಿದ್ದಲ್ಲ. ಅವ್ವನ ಬೆನ್ನಿನಿಂದ ಕಡ ತಂದದ್ದು. ಗ್ರೀಕರ ಅರಿಸ್ಟಾಟಲನು, ನಾವು ದುಡಿಯುವದೇ ವಿರಾಮಕ್ಕಾಗಿ ಎಂದು ತನ್ನ ನೀತಿಶಾಸ್ತ್ರದಲ್ಲಿ ವಿವರಿಸಿದನು. ಗ್ರೀಕರಲ್ಲಿ ವಿರಾಮಕ್ಕಿದ್ದ ಶಬ್ದವೇ ಮುಂದೆ ಇಂಗ್ಲಿಷಿನ ‘ಸ್ಕೂಲು’ ಆಯಿತು. ಬಹಳ ದೊಡ್ಡ ಮಾತು. ಆದರೆ ಅವನು ಆ ವಿಚಾರ ಮಾಡುತ್ತ ಕುಳಿತಾಗ ಅವನ ಮನೆಯ ಹಿಟ್ಟನ್ನು ಬೀಸುತ್ತಿದ್ದವರು ಗುಲಾಮರೂ ಹೆಂಗಸರೂ; ಅವರ ವಿರಾಮದ ಪ್ರಶ್ನೆ ಅವನ ಗ್ರಂಥಕ್ಕೆ ಬರಲಿಲ್ಲ. ವಿದ್ಯಾವಂತ ಮಗಳೂ ತನ್ನ ಅವ್ವನ ವಿಷಯದಲ್ಲಿ ಚಿಕ್ಕ ಅರಿಸ್ಟಾಟಲಳಾಗುವ ಅಪಾಯವಿದೆ.

ಆ ತರುಣಿಯು ಇದನ್ನು ಅರಿಯದವಳಲ್ಲ. ಒಂದು ದಿನ ಕೇಳಿದಳಂತೆ: ‘ಅವ್ವಾ, ನಿನಗ ಏನಾದ್ರೂ ಹವ್ಯಾಸ ಇತ್ತೇನ?’ ಅವ್ವ ಬಹಳ ಹೊತ್ತು ವಿಚಾರ ಮಾಡಿ, ‘ಇತ್ತೋ ಏನೋ, ಯಾರೂ ಕೇಳಿರಲಿಲ್ಲ’ ಎಂದಳಂತೆ.

ಇಲ್ಲಿ ತಾಯಿಮಗಳ ನಡುವೆ ನ್ಯಾಯ ತೂಗುತ್ತ ಕೂಡುವದು ತಪ್ಪು ತಕ್ಕಡಿಯನ್ನು ಹಿಡಿದಂತೆ. ಭಾರತ ಸರಕಾರದ ಅಂಕಿಸಂಖ್ಯೆಯ ಕಚೇರಿಯು 2019ರಲ್ಲಿ ಜನರು ದಿನದ ಹೊತ್ತನ್ನು ಹೇಗೆ ಕಳೆಯುವರೆಂದು ದೇಶದಲ್ಲೆಲ್ಲ ವಿಚಾರಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸಿಗೆ ಅದು ದಿನಕ್ಕೆ ಸರಾಸರಿ 299 ನಿಮಿಷ ಹಿಡಿಯುತ್ತಿತ್ತು, ಗಂಡಸಿಗೆ 97. ಅದೂ ಆ ಕೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ. ಹಾಗೆ ಕೈಹಾಕಿದವರು ನೂರಕ್ಕೆ 26 ಮಂದಿ. 2024ರಲ್ಲಿ ಮತ್ತೆ ವಿಚಾರಿಸಿದಾಗ 289 ಮತ್ತು 88 ಎಂದು ಬಂದಿತು. ಇಬ್ಬರಿಗೂ ಕೆಲಸ ಕಡಿಮೆಯಾಯಿತೆಂದು ಸಂತೋಷಪಡುವವರು ಕಳೆದು ನೋಡಲಿ: ಐದು ವರ್ಷಗಳಲ್ಲಿ ಅಂತರವು 202 ನಿಮಿಷಗಳಿಂದ 201ಕ್ಕೆ ಇಳಿದಿದೆ. ಈ ಒಂದು ನಿಮಿಷವನ್ನು ಅವ್ವನೂ ಮಗಳೂ ಹೇಗೆ ಹಂಚಿಕೊಂಡಾರು? ಹಂಚಿಕೊಳ್ಳಬೇಕಾದ ದೊಡ್ಡ ಗಂಟು ಮನೆಯ ಪಡಸಾಲೆಯಲ್ಲಿ ವರ್ತಮಾನಪತ್ರವನ್ನು ಓದುತ್ತ ಕುಳಿತಿದೆ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೆಂಗಸರಿಗೆ ಸಂತೃಪ್ತಿಯನ್ನು ಬೋಧಿಸಲು ನಾವು ಬಳಸುವದುಂಟು. ಗಂಡನಾದ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಅವಳು ಕಳಿಸಿದಳು. ನನಗಾದರೋ ಆ ಕಥೆಯಲ್ಲಿ ಬೇರೊಂದು ಸಂಗತಿ ಕಾಣುವದು. ಇಷ್ಟಕ್ಕೆ ಸಾಕೆಂದು ಕಾಯಕಕ್ಕೇ ಗೆರೆ ಎಳೆದವಳು ಒಬ್ಬ ಹೆಣ್ಣು. ಗಂಡನು ಆ ಗೆರೆಯನ್ನು ಒಪ್ಪಿ ಹಿಂದಿರುಗಿ ನಡೆದನು. ನಮ್ಮ ಮನೆಗಳಲ್ಲಿ ದುಡಿಯುವ ಹುಡುಗಿ ‘ಇಂದಿಗೆ ಸಾಕು’ ಎಂದರೆ ಅದನ್ನು ಆಲಸ್ಯವೆನ್ನುವೆವು. ಕಾಯಕದ ಮಹಿಮೆಯನ್ನು ಅವಳಿಗೆ ಹೇಳಿಕೊಡುವವರು ಕಾಯಕಕ್ಕೂ ಒಂದು ಅಳತೆಯಿತ್ತೆಂಬದನ್ನು ಹೇಳಲು ಮರೆಯುವರು.

ಆ ಮನೆಯಲ್ಲಿ ಈಗ ಎರಡು ತಿಂಗಳಿಂದ ಒಂದು ಏರ್ಪಾಡು ನಡೆದಿದೆ. ರವಿವಾರದ ಬೆಳಗಿನ ಅವಲಕ್ಕಿಯೂ ಚಹವೂ ತಮ್ಮನ ಪಾಲಿಗೆ, ಮಧ್ಯಾಹ್ನದ ಅನ್ನಸಾರು ಅಪ್ಪನ ಪಾಲಿಗೆ ಬಂದಿವೆ. ಮೊದಲನೆಯ ವಾರ ಹುಡುಗನ ಅವಲಕ್ಕಿ ಮುದ್ದೆಯಾಯಿತು. ಓಣಿಯ ನಾಲ್ಕು ಮನೆಗಳವರು ಬಂದು ರುಚಿ ನೋಡಿ ಅವನ ಬೆನ್ನು ತಟ್ಟಿ ಹೋದರು. ಮಗಳಿಗೆ ಇದನ್ನು ಕಂಡು ನಗೆಯೂ ಬಂದಿತು, ಸಿಟ್ಟೂ ಬಂದಿತು. ಅವ್ವ ಮಾತ್ರ ತನ್ನ ರವಿವಾರಕ್ಕೆ ಇನ್ನೂ ಏನನ್ನೂ ಆರಿಸಿಕೊಂಡಿಲ್ಲ. ಕೌದಿಯ ಮೂಲೆಯನ್ನು ಹಿಡಿಯೆಂದು ಮಗಳು ಕೊಟ್ಟರೆ ಸ್ವಲ್ಪ ಹೊತ್ತು ಹಿಡಿದು ಪಕ್ಕಕ್ಕೆ ಇಡುವಳು. ಅಂಗಳದ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ಒಳಗೆ ಒಗ್ಗರಣೆ ಸೀಯುವ ವಾಸನೆ ಬಂದರೆ ಎದ್ದು ಹೋಗಬೇಕೋ ಬೇಡವೋ ಎಂದು ಬಾಗಿಲ ಕಡೆಗೆ ನೋಡುತ್ತಿರುವಳು.