ಚಾಲಕನ ದೋಷ ಎಲ್ಲಿ ಹುಟ್ಟುತ್ತದೆ?

ವಾಹನ ಓಡಿಸಲು ಕಲಿಯುವವರಿಗೆ ಏನು ಕಲಿಸಬೇಕು ಎಂಬ ಪ್ರಶ್ನೆಯ ತಳದಲ್ಲಿ ಇನ್ನೊಂದು ಹಳೆಯ ಪ್ರಶ್ನೆ ಇದೆ. ಚಾಲಕನ ದೋಷ ಹುಟ್ಟುವುದು ಯಾವಾಗ? ಚಕ್ರದಡಿ ಒಂದು ಜೀವ ಸಿಕ್ಕಾಗಲೋ, ಅದಕ್ಕೂ ಮುಂಚೆ ಅವನ ಗಮನ ರಸ್ತೆ ಬಿಟ್ಟು ಬೇರೆಡೆ ಹೋದಾಗಲೋ? ಮೊದಲನೆಯದು ಸರಿಯಾದರೆ, ಇಷ್ಟು ದಿನ ಯಾರಿಗೂ ತಾಗಿಸದೆ ಓಡಿಸಿದವನು ಒಳ್ಳೆಯ ಚಾಲಕ. ಎರಡನೆಯದು ಸರಿಯಾದರೆ, ಯಾರಿಗೂ ತಾಗಿಸದೆ ಮನೆ ಸೇರಿದವನೂ ದಾರಿಯುದ್ದಕ್ಕೂ ತಪ್ಪು ಮಾಡುತ್ತಲೇ ಬಂದಿರಬಹುದು. ಧರ್ಮಶಾಸ್ತ್ರ, ಶೈವ ಪುರಾಣ, ಜೈನ ಸಿದ್ಧಾಂತ, ಇಂದಿನ ಕಾನೂನು ಎಲ್ಲವೂ ಇದಕ್ಕೆ ಉತ್ತರ ಕೊಟ್ಟಿವೆ. ಉತ್ತರಗಳು ಮಾತ್ರ ಒಂದೇ ಅಲ್ಲ.

ತಮಿಳುನಾಡಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಈ ಪ್ರಶ್ನೆ ದಿನನಿತ್ಯದ್ದು. ಸೇಲಂ–ಕೊಚ್ಚಿ ಹೆದ್ದಾರಿ ಅವಿನಾಶಿ, ಕೊಯಮತ್ತೂರುಗಳನ್ನು ದಾಟಿ ವಾಳಯಾರಿನ ಗಡಿಯತ್ತ ಸಾಗುತ್ತದೆ. 2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳಿಂದ ಬೇರ್ಪಟ್ಟ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗಳ ಶಿಫ್ಟ್ ವ್ಯಾನು, ನೂಲಿನ ಲಾರಿ, ಮೊಪೆಡ್ಡು, ಸೈಕಲ್ಲು ಎಲ್ಲವೂ ಒಂದೇ ರಸ್ತೆಯನ್ನು ಹಂಚಿಕೊಳ್ಳುತ್ತವೆ. ಆಳಿಯಾರಿನಿಂದ ವಾಲ್ಪಾರೈಗೆ ಹತ್ತುವ ಘಾಟಿಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ. ಮೋಟಾರು ಈ ಸೀಮೆಗೆ ಹೊಸತಲ್ಲ. ಉದ್ಯಮಿ ಜಿ.ಡಿ. ನಾಯ್ಡು 1920ರಲ್ಲಿ ಒಂದೇ ಒಂದು ಬಸ್ಸಿನಿಂದ ಪೊಳ್ಳಾಚಿ–ಪಳನಿ ನಡುವೆ ಸಾರಿಗೆ ಆರಂಭಿಸಿದ ನೆಲ ಇದು. ಕನ್ನಡ ಮನೆಮಾತಿನ ದೇವಾಂಗ, ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ಇಲ್ಲಿ ನೆಲೆಸಿವೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಈ ಮನೆಗಳ ಮಕ್ಕಳೂ ಹದಿನೆಂಟು ತುಂಬುತ್ತಲೇ ಎಲ್ ಬೋರ್ಡು ಹಾಕಿಕೊಂಡು ಅದೇ ರಸ್ತೆಗೆ ಇಳಿಯುತ್ತಾರೆ.

ಕಲಿಕೆಯ ಚೌಕಟ್ಟನ್ನು 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ನಿಯಮಗಳು ಹಾಕಿಕೊಟ್ಟಿವೆ. ಕಲಿಯುವವರ ಪರವಾನಗಿ, ಅಂದರೆ ಎಲ್ಲರ ಬಾಯಲ್ಲಿರುವ ಎಲ್‌ಎಲ್‌ಆರ್, ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಸಿಕ್ಕ 30 ದಿನಗಳ ಬಳಿಕ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಡ್ರೈವಿಂಗ್ ಸ್ಕೂಲು ಸ್ವಂತ ಬಳಕೆಯ ವಾಹನಕ್ಕೆ ಕನಿಷ್ಠ 21 ದಿನ ತರಬೇತಿ ಕೊಡಬೇಕು, ಅದರಲ್ಲಿ 10 ಗಂಟೆಯಾದರೂ ಸ್ಟಿಯರಿಂಗ್ ಕಲಿಯುವವನ ಕೈಯಲ್ಲಿರಬೇಕು. ಪಠ್ಯಕ್ರಮದಲ್ಲಿ ರಸ್ತೆ ನಿಯಮ, ಯಂತ್ರಜ್ಞಾನ, ಪ್ರಥಮ ಚಿಕಿತ್ಸೆಗಳ ಜೊತೆಗೆ ರಸ್ತೆಯ ಇತರರೊಡನೆ ಸೌಜನ್ಯದಿಂದ ನಡೆದುಕೊಳ್ಳುವ ಪಾಠವೂ ಇದೆ. ಆದರೆ ಆರ್‌ಟಿಒ ಮೈದಾನದಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ನೋಡುವುದು ಬೈಕಿನವನು ಕಾಲು ನೆಲಕ್ಕೆ ತಾಗಿಸದೆ ಎಂಟು ಹಾಕಿದನೇ, ಕಾರಿನವನು ಗೇರು ಕಿರುಗುಟ್ಟಿಸದೆ ಹಿಂದೆ ತೆಗೆದನೇ ಎಂಬುದನ್ನು. ಕೈಕಾಲಿನ ಕೌಶಲವನ್ನು ಐದು ನಿಮಿಷದಲ್ಲಿ ಅಳೆಯಬಹುದು. ಗಮನವನ್ನು ಹಾಗೆ ಅಳೆಯಲಾಗದು, ಏಕೆಂದರೆ ಪರೀಕ್ಷೆಯ ಹೊತ್ತಿನಲ್ಲಿ ಎಲ್ಲರ ಗಮನವೂ ಚೂಪಾಗಿರುತ್ತದೆ.

ಪಾಠದ ಕಾರೊಳಗೆ ಕರ್ತೃತ್ವದ ಪ್ರಶ್ನೆ ಕಣ್ಣಿಗೆ ಕಾಣುವಂತಿರುತ್ತದೆ. ಎಡಸೀಟಿನಲ್ಲಿ ಕೂತ ಮೇಷ್ಟ್ರ ಕಾಲಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಮುಂದಿನ ಮೊಪೆಡ್ಡು ತಟ್ಟನೆ ನಿಂತಾಗ ಕಲಿಯುವವನು ಪೆಡಲು ಹುಡುಕುವಷ್ಟರಲ್ಲಿ ಮೇಷ್ಟ್ರ ಪಾದ ಒತ್ತಿ ಆಗಿರುತ್ತದೆ. ಕಾರು ನಿಲ್ಲುತ್ತದೆ, ನಿಲ್ಲಿಸಿದ್ದು ತಾನೇ ಎಂದು ಕಲಿಯುವವನು ಎಷ್ಟೋ ಸಲ ನಂಬುತ್ತಾನೆ. ಕಲಿಸುವವನು ವಾಹನವನ್ನು ಹತೋಟಿಯಲ್ಲಿಡಲು ಅಥವಾ ನಿಲ್ಲಿಸಲು ಆಗುವಂಥ ಜಾಗದಲ್ಲಿ ಕೂತಿರಬೇಕು ಎಂದು ನಿಯಮ ಹೇಳುತ್ತದೆ. ಅಂದರೆ ಕಲಿಕೆಯ ಅವಧಿಯಲ್ಲಿ ಹೊಣೆಗೆ ಇಬ್ಬರು ಒಡೆಯರು. ಒಳ್ಳೆಯ ಮೇಷ್ಟ್ರು ದಿನ ಕಳೆದಂತೆ ತನ್ನ ಪಾದವನ್ನು ಪೆಡಲಿನಿಂದ ದೂರ ಸರಿಸುತ್ತಾ ಹೋಗುತ್ತಾನೆ, ಮತ್ತು ಹಾಗೆ ಸರಿಸಿದ್ದನ್ನು ಹೇಳಿಯೂ ಹೇಳುತ್ತಾನೆ. ಹೊಣೆ ಕೈ ಬದಲಾದದ್ದು ಕಲಿಯುವವನಿಗೆ ತಿಳಿಯುವುದು ಆಗಲೇ. ಇಡೀ ತರಬೇತಿಯಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ.

ಹೊಣೆಯನ್ನು ಹೀಗೆ ಪಾಲು ಮಾಡುವ ವಿಚಾರ ಎತ್ತಿನ ಬಂಡಿಯ ಕಾಲದ್ದು. ಮನುಸ್ಮೃತಿಯ ಬಹಳಷ್ಟು ವಿಧಿಗಳನ್ನು ಇಂದು ಯಾರೂ ಒಪ್ಪಬೇಕಿಲ್ಲ, ಒಪ್ಪಲೂಬಾರದು. ಆದರೂ ಅದರ ಎಂಟನೆಯ ಅಧ್ಯಾಯದಲ್ಲಿ ವಾಹನದಿಂದಾಗುವ ಹಾನಿಯ ಚರ್ಚೆ ಸೂಕ್ಷ್ಮವಾಗಿದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಅಥವಾ ಗಾಲಿ ಮುರಿದರೆ, ದಾರಿ ಬಿಡಿ ಎಂದು ಚಾಲಕ ಕೂಗಿ ಹೇಳಿದ್ದರೆ ದಂಡವಿಲ್ಲ. ಇಂಥ ಹತ್ತು ಸಂದರ್ಭಗಳನ್ನು ಅದು ಹೆಸರಿಸುತ್ತದೆ. ಚಾಲಕ ಅನನುಭವಿಯಾಗಿದ್ದು ಬಂಡಿ ದಾರಿ ತಪ್ಪಿದರೆ 200 ಪಣ ದಂಡ ಒಡೆಯನಿಗೆ. ಚಾಲಕ ನುರಿತವನಾಗಿದ್ದರೆ ದಂಡ ಅವನಿಗೇ. ಅನನುಭವಿಯ ಬಂಡಿ ಏರಿ ಕೂತವರಿಗೂ ತಲಾ 100 ಪಣ. ಕಲಿಯದವನ ಕೈಗೆ ಹಗ್ಗ ಕೊಟ್ಟವನು, ಅದು ಗೊತ್ತಿದ್ದೂ ಹತ್ತಿ ಕೂತವನು ಇಬ್ಬರೂ ಪಾಲುದಾರರು ಎಂಬುದು ಇದರ ತಿರುಳು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಬಂದ 199ಎ ಸೆಕ್ಷನ್ ಅದೇ ದಾರಿಯಲ್ಲಿ ನಡೆದಿದೆ. ಹದಿನೆಂಟು ತುಂಬದ ಮಗ ಗಾಡಿ ತೆಗೆದುಕೊಂಡು ಹೋಗಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ.

ತಮಿಳುನಾಡಿನ ಜನಮನದಲ್ಲಿ ಇನ್ನೂ ಗಟ್ಟಿಯಾಗಿ ನಿಂತಿರುವುದು ಬೇರೊಂದು ಉತ್ತರ. ತಿರುವಾರೂರಿನ ಮನುನೀತಿ ಚೋಳನ ಕಥೆಯನ್ನು ಸೇಕ್ಕಿಳಾರರ ಪೆರಿಯ ಪುರಾಣ ವಿಸ್ತಾರವಾಗಿ ಹೇಳುತ್ತದೆ. ರಾಜಕುಮಾರನ ರಥದ ಚಕ್ರಕ್ಕೆ ಒಂದು ಕರು ಹಠಾತ್ತಾಗಿ ನುಗ್ಗಿ ಸಾಯುತ್ತದೆ. ತಾಯಿಹಸು ಅರಮನೆಯ ಗಂಟೆ ಬಾರಿಸುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಪ್ರಾಯಶ್ಚಿತ್ತವಿದೆ ಎಂದು ಮಂತ್ರಿಗಳು ಹೇಳಿದರೂ ದೊರೆ ಒಪ್ಪದೆ ಮಗನ ಮೇಲೆ ತಾನೇ ರಥ ಹಾಯಿಸುತ್ತಾನೆ. ಕೊನೆಗೆ ಶಿವ ಪ್ರತ್ಯಕ್ಷನಾಗಿ ಎಲ್ಲರಿಗೂ ಜೀವ ಕೊಡುತ್ತಾನೆ. ಮದ್ರಾಸ್ ಹೈಕೋರ್ಟಿನ ಆವರಣದಲ್ಲಿ ಈ ದೊರೆಯ ಪ್ರತಿಮೆ ಇದೆ. ಅರಸನಿಗೂ ಹಸುವಿಗೂ ಒಂದೇ ನ್ಯಾಯ ಎಂಬುದು ಕಥೆಯ ಹಿರಿಮೆ. ಆದರೆ ಚಾಲಕನ ದೃಷ್ಟಿಯಿಂದ ನೋಡಿದರೆ ಇದು ಫಲವೊಂದನ್ನೇ ತೂಗುವ ನ್ಯಾಯ. ರಾಜಕುಮಾರ ನೋಡಿಕೊಂಡು ಓಡಿಸುತ್ತಿದ್ದನೇ ಎಂದು ದೊರೆ ಕೇಳುವುದಿಲ್ಲ. ಕರು ಸತ್ತಿದೆ ಎಂಬುದಷ್ಟೇ ಅವನಿಗೆ ಸಾಕು. ಅಪಘಾತದ ಸುದ್ದಿ ಹಬ್ಬಿದೊಡನೆ ದೊಡ್ಡ ಗಾಡಿಯವನ ಮೇಲೆ ಜನ ಮುಗಿಬೀಳುವಾಗಲೂ ಇದೇ ತರ್ಕ ಕೆಲಸ ಮಾಡುತ್ತದೆ, ಕಥೆಯಲ್ಲಿರುವ ಆತ್ಮಶಿಕ್ಷೆಯ ಘನತೆ ಮಾತ್ರ ಅಲ್ಲಿರುವುದಿಲ್ಲ.

ಮೂರನೆಯ ಉತ್ತರದ ಗುರುತು ಹೆದ್ದಾರಿಯ ಪಕ್ಕದಲ್ಲೇ ಇದೆ. ತಿರುಪ್ಪೂರು ಜಿಲ್ಲೆಯ ಗಡಿಗೆ ಹತ್ತಿರ, ಈರೋಡು ಜಿಲ್ಲೆಗೆ ಸೇರಿದ ವಿಜಯಮಂಗಲವನ್ನು ಇಂದಿನ ಚಾಲಕರು ಟೋಲ್‌ ಗೇಟಿನಿಂದ ಗುರುತಿಸುತ್ತಾರೆ. ಅಲ್ಲಿನ ಚಂದ್ರಪ್ರಭ ಬಸದಿ ಕೊಂಗುನಾಡಿನ ಹಳೆಯ ಜೈನ ನೆಲೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ತಂಗಿ ಪುಲ್ಲಪ್ಪೆ ಇಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದನ್ನು ನಿಷಿಧಿ ಶಾಸನ ತಿಳಿಸುತ್ತದೆ. ಈ ಪರಂಪರೆಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಾಣಹಾನಿಯೊಂದನ್ನೇ ಹೇಳದೆ, ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಆದ ಪ್ರಾಣಹಾನಿ ಎಂದು ಹೇಳುತ್ತದೆ. ಕೊಂಡಕುಂದಾಚಾರ್ಯರ ಪ್ರವಚನಸಾರ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಜೀವಿ ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆ ನಿಶ್ಚಿತ. ಎಚ್ಚರದಿಂದ ನಡೆಯುವವನ ಕಾಲಡಿ ಜೀವಿ ಸಿಕ್ಕು ಸತ್ತರೂ ಅಷ್ಟರಿಂದಲೇ ಅವನಿಗೆ ಕರ್ಮಬಂಧವಿಲ್ಲ ಎಂಬುದು ಅದರ ನಿಲುವು.

ಈ ಎಚ್ಚರವನ್ನು ಜೈನರು ಬರಿಯ ಭಾವನೆಯಾಗಿ ಬಿಡಲಿಲ್ಲ, ಅಭ್ಯಾಸವಾಗಿ ಕಟ್ಟಿದರು. ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾಸಮಿತಿ ನಡಿಗೆಯ ಶಿಸ್ತು. ಹಗಲಿನಲ್ಲಿ ಮಾತ್ರ ನಡೆಯಬೇಕು, ಜನ ತುಳಿದ ದಾರಿಯಲ್ಲಿ ನಡೆಯಬೇಕು, ಮುಂದಿನ ಒಂದು ನೊಗದಷ್ಟು ನೆಲವನ್ನು, ಅಂದರೆ ನಾಲ್ಕು ಮೊಳವನ್ನು ನೋಡುತ್ತಲೇ ಹೆಜ್ಜೆ ಇಡಬೇಕು. ನಡೆಯುವವನಿಗೆ ನಾಲ್ಕು ಮೊಳ ಸಾಕು, ಏಕೆಂದರೆ ಅಷ್ಟರೊಳಗೆ ಅವನು ನಿಲ್ಲಬಲ್ಲ. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಹೋಗುತ್ತದೆ. ಕಣ್ಣು ಕಂಡದ್ದು ಕಾಲಿಗೆ ತಲುಪಲು ಸುಮಾರು ಒಂದು ಸೆಕೆಂಡು ಬೇಕು. ಬ್ರೇಕು ಹಿಡಿದ ಮೇಲೂ ಒಣರಸ್ತೆಯಲ್ಲಿ ಮತ್ತೆ 20 ಮೀಟರಿನಷ್ಟು ಓಡುತ್ತದೆ. ಹಾಗಾಗಿ ಆ ವೇಗದಲ್ಲಿ ಚಾಲಕನ ನೊಗದಳತೆ 40 ಮೀಟರಿಗೆ ಹತ್ತಿರ. ವೇಗ ಹೆಚ್ಚಿಸಿದವನು ಅಷ್ಟು ನೆಲದ ಹೊಣೆಯನ್ನು ಹೆಚ್ಚಿಗೆ ಹೊರುತ್ತಾನೆ. ತಿರುವಿನಾಚೆ ಕಾಣದಿದ್ದರೆ, ಮಳೆಗೆ ಗಾಜು ಮಂಜಾಗಿದ್ದರೆ ಕಂಡಷ್ಟು ನೆಲಕ್ಕೆ ತಕ್ಕಂತೆ ವೇಗ ಇಳಿಸುವುದು ಶಾಸ್ತ್ರಕ್ಕೂ ಭೌತಶಾಸ್ತ್ರಕ್ಕೂ ಒಪ್ಪಿತ. ವೇಗಮಿತಿಯನ್ನು ಪೊಲೀಸರ ಭಯದ ವಿಷಯವಾಗಿ ಕಲಿಸುವುದಕ್ಕಿಂತ ಹೀಗೆ ಕಲಿಸಿದರೆ ಹೆಚ್ಚು ನಾಟುತ್ತದೆ.

ಪ್ರಮಾದ ಯಾವ ಕ್ಷಣದ್ದು ಎಂಬುದು ಸುಲಭದ ಪ್ರಶ್ನೆಯಲ್ಲ. 2020ರ ಫೆಬ್ರವರಿ 20ರ ನಸುಕಿನಲ್ಲಿ ಅವಿನಾಶಿ ಬಳಿ ಟೈಲ್ಸ್ ಹೇರಿದ್ದ ಕಂಟೇನರ್ ಲಾರಿ ರಸ್ತೆಯ ನಡುವಿನ ವಿಭಜಕ ದಾಟಿ, ಬೆಂಗಳೂರಿನಿಂದ ಎರ್ನಾಕುಳಂಗೆ ಹೊರಟಿದ್ದ ಕೇರಳ ಸಾರಿಗೆ ಬಸ್ಸಿಗೆ ಬಡಿಯಿತು. 19 ಜನ ಸತ್ತರು. ಲಾರಿ ಚಾಲಕನಿಗೆ ತೂಕಡಿಕೆ ಬಂದಿರಬೇಕೆಂದು ಆಗ ವರದಿಯಾಯಿತು. ನಿದ್ದೆ ಹತ್ತಿದವನಿಗೆ ಇಚ್ಛೆಯೇ ಇಲ್ಲ, ಆದ್ದರಿಂದ ದೋಷವೂ ಇಲ್ಲ ಎಂದು ವಾದಿಸಬಹುದು. ಕುಡಿದು ತಪ್ಪು ಮಾಡಿದವನ ಬಗ್ಗೆ ಅರಿಸ್ಟಾಟಲ್ ಕೊಟ್ಟ ಉತ್ತರ ಇಲ್ಲಿಗೂ ಸಲ್ಲುತ್ತದೆ: ಅರಿವು ಕಳೆದುಕೊಳ್ಳದೆ ಇರುವುದು ಅವನ ಕೈಯಲ್ಲೇ ಇತ್ತು. ಹೀಗೆ ನೋಡಿದರೆ ತೂಕಡಿಸುವ ಯಾವ ಚಾಲಕನ ದೋಷವೂ ರೆಪ್ಪೆ ಮುಚ್ಚಿದ ಕ್ಷಣದ್ದಲ್ಲ. ಮೊದಲ ಆಕಳಿಕೆ ಬಂದಾಗ ಗಾಡಿ ಬದಿಗೆ ಹಾಕದೆ ಮುಂದುವರಿದ ತೀರ್ಮಾನದಲ್ಲಿ ಅದು ಹುಟ್ಟಿರುತ್ತದೆ. ನಿದ್ದೆಗೆಡಿಸುವಂಥ ಟ್ರಿಪ್ ಶೀಟು ಕೊಟ್ಟವನಿಗೂ ಅದರಲ್ಲಿ ಪಾಲಿದೆ. ಮನುವಿನ ಬಂಡಿಯ ಒಡೆಯ ಮತ್ತೆ ಬಂದು ನಿಲ್ಲುವುದು ಇಲ್ಲೇ.

ಇಂದಿನ ಕಾನೂನು ಎರಡು ದೋಣಿಯಲ್ಲಿ ಕಾಲಿಟ್ಟಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ದುಡುಕಿನ ಚಾಲನೆಗೆ, ಯಾರಿಗೂ ಪೆಟ್ಟಾಗದಿದ್ದರೂ, ಆರು ತಿಂಗಳವರೆಗೆ ಶಿಕ್ಷೆ ಹೇಳುತ್ತದೆ. ಅದೇ ಚಾಲನೆಯಿಂದ ಒಬ್ಬರು ಸತ್ತರೆ 106ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ. ಇಬ್ಬರು ಚಾಲಕರ ಅಜಾಗರೂಕತೆ ಒಂದೇ, ಒಬ್ಬನ ದಾರಿಗೆ ಮಗು ಅಡ್ಡ ಬಂತು, ಇನ್ನೊಬ್ಬನ ದಾರಿಗೆ ಬರಲಿಲ್ಲ. ಅದೃಷ್ಟದ ಈ ವ್ಯತ್ಯಾಸಕ್ಕೆ ನೈತಿಕ ಬೆಲೆ ಇದೆಯೇ ಎಂದು ತತ್ತ್ವಜ್ಞರಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1976ರಲ್ಲಿ ಚರ್ಚಿಸಿದಾಗ ಇಬ್ಬರೂ ಉದಾಹರಣೆಗೆ ಆರಿಸಿಕೊಂಡದ್ದು ವಾಹನ ಚಾಲಕನನ್ನೇ. ಸತ್ತವರ ಮನೆಯವರಿಗೆ ನ್ಯಾಯ ಕೊಡಬೇಕಾದ ಕೋರ್ಟು ಫಲವನ್ನು ತೂಗಲೇಬೇಕು. ಕಲಿಸುವವನು ಅದಕ್ಕೆ ಕಾಯುವಂತಿಲ್ಲ. ಕನ್ನಡಿ ನೋಡದೆ ಲೇನು ಬದಲಿಸಿದ ಶಿಷ್ಯನಿಗೆ, ಹಿಂದೆ ಗಾಡಿ ಇರಲಿಲ್ಲವೆಂಬ ಕಾರಣಕ್ಕೆ ಸುಮ್ಮನಿದ್ದರೆ, ತಪ್ಪು ಫಲದಲ್ಲಿ ಮಾತ್ರ ಇದೆ ಎಂದು ಕಲಿಸಿದಂತೆಯೇ ಆಗುತ್ತದೆ.

ಇನ್ನು ದೈವ ಮತ್ತು ವಿಧಿ. ಆಯುಧಪೂಜೆಯ ದಿನ ಗಾಡಿ ತೊಳೆದು, ಗಂಧ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸುತ್ತಾರೆ. ಮೈಸೂರಿನ ಕಡೆಗೆ ದಿಂಬಂ ಘಾಟಿಯ 27 ತಿರುವು ಹತ್ತುವ ಮುನ್ನ ಬಣ್ಣಾರಿ ಅಮ್ಮನಿಗೆ ಕೈ ಮುಗಿಯುತ್ತಾರೆ. ಘಾಟಿಯ ಬುಡದಲ್ಲಿ ಗಾಡಿ ನಿಲ್ಲಿಸಿ ಇಳಿದು, ಮನಸ್ಸನ್ನು ಒಂದೆಡೆ ತಂದು ಮತ್ತೆ ಸೀಟಿಗೆ ಬರುವ ಆಚರಣೆ ಎಚ್ಚರದ ಸಂಕಲ್ಪವಾದರೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಅದೇ ಪೂಜೆ ಜಾಮೀನಾದರೆ, ಇನ್ನು ಅಮ್ಮ ನೋಡಿಕೊಳ್ಳುತ್ತಾಳೆ ಎಂಬ ನಿಶ್ಚಿಂತೆಯಾದರೆ, ಪ್ರಮಾದ ಅಲ್ಲಿಂದಲೇ ಶುರು. ರಸ್ತೆಯಲ್ಲೇ ಒಡೆದು ಬಿಟ್ಟುಹೋದ ಕುಂಬಳದ ಹೋಳಿಗೆ ಹಿಂದೆ ಬಂದ ಬೈಕಿನ ಚಕ್ರ ಜಾರುತ್ತದೆ. ಹೋಳು ಬದಿಗೆ ಸರಿಸುವುದೂ ಪೂಜೆಯ ಭಾಗವೇ.

ಕೊಯಮತ್ತೂರಿನ ದೇವಾಂಗರು ವಿಜಯದಶಮಿಯಂದು ಚೌಡೇಶ್ವರಿಯ ಮೆರವಣಿಗೆಯಲ್ಲಿ ಕತ್ತಿಯಿಂದ ತಮ್ಮ ಎದೆ ತೋಳುಗಳಿಗೆ ಹೊಡೆದುಕೊಳ್ಳುತ್ತಾ ತಾಯನ್ನು ಕರೆತರುತ್ತಾರೆ. ಆ ಹರಕೆಯಲ್ಲಿ ಭಕ್ತ ಪಣಕ್ಕೆ ಇಡುವುದು ತನ್ನ ಮೈಯನ್ನು. ದೇವರ ಮೇಲೆ ಭಾರ ಹಾಕಿ ಎದುರು ಕಾಣದ ತಿರುವಿನಲ್ಲಿ ಓವರ್‌ಟೇಕ್ ಮಾಡುವವನು ಪಣಕ್ಕೆ ಇಡುವುದು ಆಚೆಯಿಂದ ಬರುವವನ ಮೈಯನ್ನು, ಅವನನ್ನು ಕೇಳದೆ. ನಂಬಿಕೆಯ ಆಳ ಎರಡರಲ್ಲೂ ಸಮವಿದ್ದರೂ ಎರಡನೆಯದಕ್ಕೆ ಹರಕೆಯ ಹೆಸರು ಸಲ್ಲದು. ಸತ್ತವನ ಹಣೆಬರಹ ಎಂಬ ಮಾತೂ ಹಾಗೆಯೇ. ಕರ್ಮಸಿದ್ಧಾಂತವನ್ನು ಪೂರ್ತಿ ಒಪ್ಪಿದರೂ ಸತ್ತವನ ಕರ್ಮ ಅವನ ಸಾವನ್ನು ವಿವರಿಸೀತೇ ಹೊರತು ಕೊಂದವನ ಎಚ್ಚರಗೇಡಿತನವನ್ನು ತೊಳೆಯುವುದಿಲ್ಲ. ಅದು ಕೊಂದವನ ಹೊಸ ಕರ್ಮ.

ದೋಷವಿಲ್ಲದೆಯೂ ಕೈಯಿಂದ ಜೀವಹಾನಿ ಆದವನ ಸ್ಥಿತಿ ಉಳಿಯಿತು. ವಿಲಿಯಮ್ಸ್ ಇದೇ ಉದಾಹರಣೆಯಲ್ಲಿ ನಿಂತು, ತಪ್ಪಿಲ್ಲದ ಲಾರಿ ಚಾಲಕನಿಗೂ ನೋಡುತ್ತ ನಿಂತವರಿಗಿಲ್ಲದ ಒಂದು ಸಂಕಟ ಇರುತ್ತದೆ, ಅದು ಇರಬೇಕಾದ್ದೇ ಎಂದ. ಜೈನರು ತಪ್ಪನ್ನು ನೆನೆದು ಪರಿತಪಿಸುವ ಪ್ರತಿಕ್ರಮಣವೂ ತಿಳಿದು ಮಾಡಿದ್ದಕ್ಕಷ್ಟೇ ಅಲ್ಲ, ತಿಳಿಯದೆ ಆದದ್ದಕ್ಕೂ ಸಲ್ಲುತ್ತದೆ. ಈ ಸಂಕಟ ಭಯಕ್ಕೆ ತಿರುಗಿದಾಗ ಚಾಲಕ ಓಡಿಹೋಗುತ್ತಾನೆ, ರಸ್ತೆಯಲ್ಲಿ ಬಿದ್ದವನು ಉಳಿಯಬಹುದಾದ ಗಳಿಗೆಯಲ್ಲಿ ಸಾಯುತ್ತಾನೆ. ಆದ್ದರಿಂದ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಎಲ್ಲ ಡ್ರೈವಿಂಗ್ ಸ್ಕೂಲುಗಳಲ್ಲೂ ಬಾಯಿಪಾಠವಾಗಬೇಕಾದದ್ದು. ತಪ್ಪು ಯಾರದೇ ಇರಲಿ, ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ಚಾಲಕ ನೋಡಿಕೊಳ್ಳಬೇಕು; ಗುಂಪಿನ ರೊಚ್ಚಿನಿಂದ ಅಥವಾ ತನ್ನ ಕೈಮೀರಿದ ಕಾರಣದಿಂದ ಆಗದಿದ್ದರೆ ಮಾತ್ರ ವಿನಾಯಿತಿ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು. 2019ರಲ್ಲಿ ಸೇರಿದ 134ಎ ಮತ್ತು ಅದರಡಿಯ ನಿಯಮಗಳ ಪ್ರಕಾರ, ಸದ್ಭಾವನೆಯಿಂದ ನೆರವಿಗೆ ಬಂದ ದಾರಿಹೋಕನ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಅವನ ಹೆಸರು ವಿಳಾಸ ಹೇಳೆಂದು ಒತ್ತಾಯಿಸುವಂತೆಯೂ ಇಲ್ಲ.