ಬಿಟ್ಟ ಮಾತಿನ ಹೊಣೆ

ವಾರವಿಡೀ ಆಫೀಸು, ಶನಿವಾರ ರಾತ್ರಿ ನಾನು ಏರ್ ಟ್ರಾಫಿಕ್ ಕಂಟ್ರೋಲರ್. ನಿಜವಾದದ್ದಲ್ಲ, ವರ್ಚುವಲ್. ವ್ಯಾಟ್‌ಸಿಮ್ ಅನ್ನೋ ಜಾಲವೊಂದು 2001ರಿಂದ ನಡೀತಿದೆ. ಜಗತ್ತಿನ ಯಾವ್ಯಾವುದೋ ಊರಲ್ಲಿ ಕೂತವರು ತಮ್ಮ ಕಂಪ್ಯೂಟರಿನಲ್ಲಿ ವಿಮಾನ ಹಾರಿಸ್ತಾರೆ. ನನ್ನಂಥವರು ಹೆಡ್‌ಫೋನ್ ಹಾಕ್ಕೊಂಡು ಅವರಿಗೆ ದಾರಿ ಹೇಳ್ತೀವಿ. ಸಂಬಳ ಇಲ್ಲ, ಸಾವೂ ಇಲ್ಲ.

ಬೆಂಗಳೂರಿನ ಟವರ್‌ನಲ್ಲಿ ಕೂತಾಗ ಮೊದಲ ಕೆಲಸ ಏಟಿಸ್ ಬರೆಯೋದು. ಅಂದ್ರೆ ಪೈಲಟ್‌ಗಳಿಗೆ ಮತ್ತೆ ಮತ್ತೆ ಕೇಳಿಸುತ್ತಲೇ ಇರುವ ಮಾಹಿತಿ ಪ್ರಸಾರ. ಯಾವ ರನ್‌ವೇ ಬಳಕೆಯಲ್ಲಿದೆ, ಗಾಳಿ ಎಲ್ಲಿಂದ ಎಷ್ಟು, ಎಷ್ಟು ದೂರದವರೆಗೆ ಕಾಣ್ತಿದೆ, ಮೋಡ, ಉಷ್ಣಾಂಶ, ವಾಯುಭಾರ. ಪ್ರತಿ ಆವೃತ್ತಿಗೂ ಒಂದು ಅಕ್ಷರ: ಆಲ್ಫಾ, ಬ್ರಾವೊ, ಚಾರ್ಲಿ. ಇದು ಸಾಧ್ಯವಾದಷ್ಟೂ 30 ಸೆಕೆಂಡ್ ಮೀರಬಾರದು ಅನ್ನೋದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸಲಹೆ.

ಹವಾಮಾನದ ಭಾಗವನ್ನು ಸಾಫ್ಟ್‌ವೇರೇ ತುಂಬಿಕೊಡುತ್ತೆ. ಉಳಿದದ್ದರಲ್ಲಿ ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು ಅನ್ನೋದೇ ನನ್ನ ತಲೆನೋವು. ಒಂದು ಟ್ಯಾಕ್ಸಿವೇ ಮುಚ್ಚಿದೆ, ಎಲ್ಲೋ ಕ್ರೇನ್ ನಿಂತಿದೆ, ಹಕ್ಕಿಗಳ ಕಾಟ ಇದೆ. ಎಲ್ಲವೂ ನಿಜವೇ. ಗೆಳೆಯನೊಬ್ಬ ಸುಲಭದ ದಾರಿ ಹೇಳಿದ: "ಎಲ್ಲಾ ಹಾಕ್ಬಿಡು ಗುರು. ನಾಳೆ ಏನಾದ್ರೂ ಆದ್ರೆ ಯಾರೂ ನಿನ್ನ ಕೇಳೋ ಹಾಗಿಲ್ಲ."

ನನ್ನನ್ನು ಕಾಡಿದ್ದು ಆ ಎರಡನೇ ವಾಕ್ಯ. ಎಲ್ಲವನ್ನೂ ಹೇಳೋದು ಯಾರ ರಕ್ಷಣೆಗೆ? ಕೇಳುವವನದ್ದಾ, ಹೇಳುವವನದ್ದಾ?

2017ರ ಜುಲೈ 7ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದದ್ದು ಇಲ್ಲಿ ನೆನಪಾಗುತ್ತೆ. ಏರ್ ಕೆನಡಾ 759 ವಿಮಾನ ರನ್‌ವೇ ಬದಲು ಪಕ್ಕದ ಟ್ಯಾಕ್ಸಿವೇಗೆ ಇಳಿಯೋಕೆ ಬಂತು. ಅಲ್ಲಿ ನಾಲ್ಕು ವಿಮಾನಗಳು ಸಾಲಾಗಿ ನಿಂತಿದ್ದವು. ಕೊನೇ ಗಳಿಗೆಯಲ್ಲಿ ಮೇಲಕ್ಕೇರಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಆ ರಾತ್ರಿ ಎರಡು ಸಮಾನಾಂತರ ರನ್‌ವೇಗಳಲ್ಲಿ ಒಂದನ್ನು ಮುಚ್ಚಿದ್ದರು. ಪೈಲಟ್‌ಗಳು ಎರಡೂ ತೆರೆದಿವೆ ಅಂದುಕೊಂಡೇ ನೋಡಿದ್ದರಿಂದ ರನ್‌ವೇ ಪಕ್ಕದ ಟ್ಯಾಕ್ಸಿವೇ ಅವರ ಕಣ್ಣಿಗೆ ರನ್‌ವೇಯಾಗಿ ಕಂಡಿತು. ಹಾಗಾದ್ರೆ ಯಾರೂ ಹೇಳಿರಲಿಲ್ವಾ? ಹೇಳಿದ್ದರು. ಹಾರಾಟದ ಮುಂಚೆ ಕೊಟ್ಟ 27 ಪುಟಗಳ ಕಟ್ಟಿನ 8ನೇ ಪುಟದಲ್ಲಿತ್ತು. ಏಟಿಸ್‌ನಲ್ಲೂ ಇತ್ತು. ಕಾಗದದ ಲೆಕ್ಕದಲ್ಲಿ ಎಲ್ಲರೂ ತಮ್ಮ ಕರ್ತವ್ಯ ಮುಗಿಸಿದ್ದರು. ಮಾತು ಮಾತ್ರ ತಲುಪಿರಲಿಲ್ಲ.

ನಮ್ಮ ದಿನಗಳೂ ಇಂಥ ಕಟ್ಟುಗಳಿಂದಲೇ ತುಂಬಿವೆ ಅಲ್ವಾ? ಸಾಲದ ಕರಾರು, ಆ್ಯಪ್‌ನ ಷರತ್ತುಗಳು, ಹದಿನೈದು ಜನರಿಗೆ ಸಿಸಿ ಹಾಕಿದ ಉದ್ದದ ಮೇಲ್. "ನಾನು ಮೇಲ್‌ನಲ್ಲಿ ಹಾಕಿದ್ನಲ್ಲ" ಅನ್ನೋ ಮಾತು ಆಫೀಸಿನಲ್ಲಿ ಎಷ್ಟು ಸಲ ಕೇಳಿಲ್ಲ ನಾವು! ಅಲ್ಲಿ ಹೇಳಿದವನು ಗೆದ್ದ, ಓದದವನು ಸೋತ.

ಆದರೆ ಎದುರು ವಾದವನ್ನೂ ತಳ್ಳಿಹಾಕೋಕೆ ಆಗಲ್ಲ. ಇನ್ನೊಬ್ಬನಿಗೆ ಏನು ಬೇಕು ಅಂತ ತೀರ್ಮಾನಿಸೋಕೆ ನಾನ್ಯಾರು? ನಾನು ಬಿಟ್ಟ ಕ್ರೇನೇ ಅವನಿಗೆ ಬೇಕಿದ್ದರೆ? ಅನವಶ್ಯಕ ಅನ್ನೋ ನೆಪದಲ್ಲಿ ಸತ್ಯವನ್ನು ಮುಚ್ಚಿಟ್ಟವರಿಗೇನೂ ಕಮ್ಮಿಯಿಲ್ಲ.

ಇದಕ್ಕೆ ಏಟಿಸ್‌ನ ವ್ಯವಸ್ಥೆಯಲ್ಲೇ ಒಂದು ಉತ್ತರ ಇದೆ ಅನ್ಸುತ್ತೆ. ಪೈಲಟ್ ಮೊದಲ ಸಲ ಮಾತಾಡುವಾಗ "ಇನ್ಫರ್ಮೇಶನ್ ಚಾರ್ಲಿ" ಅಂತ ತಾನು ಕೇಳಿದ ಅಕ್ಷರವನ್ನು ಹೇಳ್ತಾನೆ. ಅಷ್ಟರಲ್ಲಿ ಡೆಲ್ಟಾ ಬಂದಿದ್ದರೆ ಹೊಸದೇನು ಅಂತ ನಾನು ತಿಳಿಸಬೇಕು. ಅವನಿಗೆ ಅನುಮಾನ ಬಂದ್ರೆ ಕೇಳ್ತಾನೆ, ನಾನು ಅದೇ ಫ್ರೀಕ್ವೆನ್ಸಿಯಲ್ಲಿ ಇರ್ತೀನಿ. ಚಿಕ್ಕದಾಗಿ ಹೇಳುವ ಹಕ್ಕು ನನಗೆ ಬಂದದ್ದು ಇದರಿಂದ. ಎಲ್ಲವನ್ನೂ ಸುರಿದವನು ಎದ್ದು ಹೋಗಬಹುದು. ಆರಿಸಿ ಹೇಳಿದವನು ಅಲ್ಲೇ ಕೂತಿರಬೇಕು, ಬಿಟ್ಟದ್ದಕ್ಕೂ ಉತ್ತರ ಕೊಡಬೇಕು.

ಹಾಗಾಗಿ ನಾನು ಎರಡೇ ಪ್ರಶ್ನೆ ಇಟ್ಕೊಂಡಿದೀನಿ. ಈ ಸಾಲು ಕೇಳಿದರೆ ಮುಂದಿನ ಹತ್ತು ನಿಮಿಷದಲ್ಲಿ ಪೈಲಟ್ ಏನಾದರೂ ಬೇರೆ ಮಾಡ್ತಾನಾ? ಇದನ್ನು ಬಿಟ್ಟರೆ, ಬೇಕಾದ ಹೊತ್ತಿಗೆ ಅವನಿಗೆ ನಾನೇ ಹೇಳಬಲ್ಲೆನಾ? ಮುಚ್ಚಿದ ಟ್ಯಾಕ್ಸಿವೇಯನ್ನು ವಿಮಾನ ಇಳಿದ ಮೇಲೆ ಹೇಳಿದರೂ ನಡೆಯುತ್ತೆ. ವಾಯುಭಾರ ಹಾಗಲ್ಲ. ಅದರಲ್ಲಿ 10 ಹೆಕ್ಟೊಪಾಸ್ಕಲ್ ಹೆಚ್ಚುಕಮ್ಮಿಯಾದರೆ ಆಲ್ಟಿಮೀಟರ್ ಸುಮಾರು 300 ಅಡಿ ತಪ್ಪು ತೋರಿಸುತ್ತೆ. ಆ ಅಂಕಿ ಹಕ್ಕಿ, ಕ್ರೇನುಗಳ ಗದ್ದಲದಲ್ಲಿ ಕಳೆದುಹೋಗಬಾರದು.

"ಆಟಕ್ಕೆ ಇಷ್ಟೆಲ್ಲಾ ಯಾಕಪ್ಪಾ?" ಅಂತಾನೆ ಅದೇ ಗೆಳೆಯ. ವಿಮಾನ ಸುಳ್ಳು, ರನ್‌ವೇ ಸುಳ್ಳು, ಒಪ್ಪಿದೆ. ಆದರೆ ಒಂದು ಕಿವಿಯಲ್ಲಿ ನನ್ನನ್ನು, ಇನ್ನೊಂದರಲ್ಲಿ ಏಟಿಸ್ಸನ್ನು ಕೇಳ್ತಾ ವಿಮಾನ ಇಳಿಸ್ತಿರೋ ಮನುಷ್ಯ ನಿಜ, ಅವನ ಅರ್ಧ ನಿಮಿಷವೂ ನಿಜ. ಸೋಮವಾರ ಆಫೀಸಿನಲ್ಲಿ ಮೇಲ್ ಬರೆಯೋಕೆ ಕೂತಾಗಲೂ ಈಗ ಅದೇ ಎರಡು ಪ್ರಶ್ನೆ ಕೇಳ್ಕೋತೀನಿ. ಮೇಲ್ ಚಿಕ್ಕದಾಗುತ್ತೆ. ಅದನ್ನು ಕಳಿಸಿದ ಮೇಲೆ ಫೋನ್ ಎತ್ತೋ ಕೆಲಸ ಮಾತ್ರ ಸ್ವಲ್ಪ ಜಾಸ್ತಿಯಾಗಿದೆ.