ಎಲ್ಲೆಯಾಚೆಯ ಹಿಂಸೆ

ಗೃಹಸ್ಥನಾದ ಶ್ರಾವಕನು ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಲಾರನು. ಆದುದರಿಂದಲೇ ಆಚಾರ್ಯರು ಅವನಿಗೆ ದಿಗ್ವ್ರತವನ್ನು ವಿಧಿಸಿದರು. ಸಮುದ್ರ, ನದಿ, ಅರಣ್ಯ, ಪರ್ವತಗಳನ್ನು ಗುರುತಾಗಿಟ್ಟುಕೊಂಡು ಹತ್ತು ದಿಕ್ಕುಗಳಿಗೂ ಮರ್ಯಾದೆ ಹಾಕಿಕೊಂಡವನ ಅಣುವ್ರತಗಳು ಆ ಎಲ್ಲೆಯ ಹೊರಗೆ ಮಹಾವ್ರತಗಳಿಗೆ ಸಮಾನವಾಗುತ್ತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಕಾಲಿಡದ ನಾಡಿನಲ್ಲಿ ನಮ್ಮಿಂದ ಹಿಂಸೆ ನಡೆಯದೆಂಬುದೇ ಇದರ ಆಧಾರ. ಆ ಆಧಾರವು ಇಂದು ಉಳಿದಿದೆಯೇ?

2019ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜೇಮ್ಸ್ ಅಲನ್ ಮತ್ತು ಸಹಸಂಶೋಧಕರು ಒಂದು ಭೂಪಟವನ್ನು ಪ್ರಕಟಿಸಿದರು. ಅಳಿವಿನ ಭಯವಿರುವ 5,457 ಜಾತಿಯ ಪಶು, ಪಕ್ಷಿ, ಕಪ್ಪೆ ಮೊದಲಾದ ಜೀವಿಗಳಿಗೆ ಬೇಟೆ, ಬೇಸಾಯ, ರಸ್ತೆ ಮುಂತಾದವುಗಳಿಂದ ಎಲ್ಲೆಲ್ಲಿ ಬಾಧೆಯಿದೆಯೆಂಬುದನ್ನು ಅದರಲ್ಲಿ ಗುರುತಿಸಿದರು. ಭೂಭಾಗದ ಶೇಕಡಾ 84ರಷ್ಟು ಕಡೆ ಇಂತಹ ಬಾಧೆ ಕಂಡುಬಂದಿತು. 395 ಜಾತಿಗಳಿಗೆ ಅವುಗಳ ವಾಸಸ್ಥಾನದಲ್ಲೆಲ್ಲೂ ನಿರ್ಬಾಧವಾದ ಸ್ಥಳವೇ ಇರಲಿಲ್ಲ. ದೇಶಗಳ ಪೈಕಿ ಮಲೇಷಿಯವು ಅಗ್ರಸ್ಥಾನದಲ್ಲಿತ್ತು.

ಮಲೇಷಿಯಕ್ಕೂ ನಮಗೂ ಏನು ಸಂಬಂಧ? ಅಡುಗೆಮನೆಯಲ್ಲಿ ಸಂಬಂಧವಿದೆ. ಮಲೇಷಿಯ, ಇಂಡೋನೇಷಿಯಗಳಲ್ಲಿ ವಿಸ್ತಾರವಾದ ಕಾಡುಗಳು ಕಡಿಯಲ್ಪಟ್ಟು ತಾಳೆ ಎಣ್ಣೆಯ ತೋಟಗಳಾಗಿವೆ. ಒರಾಂಗುಟಾನ್ ಎಂಬ ಮಹಾವಾನರದ ಮೂರು ಜಾತಿಗಳೂ ಅಲ್ಲಿ ಅಳಿವಿನ ಅಂಚಿಗೆ ಬಂದಿವೆ. ಆ ಎಣ್ಣೆಯನ್ನು ಅತ್ಯಧಿಕವಾಗಿ ತರಿಸಿಕೊಳ್ಳುವ ರಾಷ್ಟ್ರಗಳಲ್ಲಿ ನಮ್ಮದು ಪ್ರಮುಖವಾದುದು. ಕಂದಮೂಲವಿಲ್ಲದ, ರಾತ್ರಿ ಸ್ಪರ್ಶವಿಲ್ಲದ ನಮ್ಮ ಪಾರಣೆಯ ಕರಿದ ತಿಂಡಿಯಲ್ಲಿ ಅದೇ ಎಣ್ಣೆ ಇರಬಹುದು.

'ನಾನು ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ, ಮೆಚ್ಚಲೂ ಇಲ್ಲ; ಸಂಕಲ್ಪವಿಲ್ಲದ ಮೇಲೆ ದೋಷವೆಲ್ಲಿ?' ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕೊಡಲಿ ಹಿಡಿದವನ ಪಾಪವೂ ಅಂಗಡಿಯಲ್ಲಿ ಎಣ್ಣೆ ಕೊಂಡವಳ ಪಾಪವೂ ಸಮವೆಂದು ನಮ್ಮ ಧರ್ಮವು ಎಂದೂ ಹೇಳದು. ಆದರೆ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ತಿಳಿಯುವ ದಾರಿಯಿದ್ದೂ ನೋಡದಿರುವುದು ಪ್ರಮಾದವಲ್ಲದೆ ಮತ್ತೇನು?

ಇನ್ನೊಂದು ವಿಷಯವು ವಿಚಾರಾರ್ಹ. ದೇಶವ್ರತದ ಐದು ಅತಿಚಾರಗಳಲ್ಲಿ 'ಆನಯನ'ವೂ ಒಂದು. ಎಂದರೆ ತಾನು ಎಲ್ಲೆ ದಾಟದೆ, ಎಲ್ಲೆಯಾಚೆಯ ವಸ್ತುವನ್ನು ಇತರರಿಂದ ತರಿಸಿಕೊಳ್ಳುವುದು. ಅಂಗಡಿಯಲ್ಲಿ ಕೊಳ್ಳುವುದು ಅಕ್ಷರಶಃ ಆನಯನವಲ್ಲದಿರಬಹುದು. ಆದರೂ ಕಾಲು ನಿಂತ ಮಾತ್ರಕ್ಕೆ ಆಸೆ ನಿಲ್ಲದೆಂಬುದನ್ನು ಪೂರ್ವಾಚಾರ್ಯರು ಅರಿತಿದ್ದರು. ಸ್ವತಃ ದಿಗ್ವ್ರತವನ್ನು ಧರಿಸಿರುವ ನಾನು, ಜಿಲ್ಲೆಯ ಗಡಿಯನ್ನು ಎಣಿಸಿದಷ್ಟು ಎಚ್ಚರದಿಂದ ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಗಿದೆ.

ಹಾಗಾದರೆ ತಾಳೆ ಎಣ್ಣೆಯೊಂದನ್ನು ಬಿಟ್ಟರೆ ಸಾಕೇ? ಸಾಲದು. ಒಂದು ಎಕರೆಯಲ್ಲಿ ತಾಳೆ ಕೊಡುವಷ್ಟು ಎಣ್ಣೆಯನ್ನು ಸೋಯಾ, ಸೂರ್ಯಕಾಂತಿಗಳು ಕೊಡವು. ಅಷ್ಟೇ ಎಣ್ಣೆ ಬೇಕೆಂದರೆ ಮತ್ತೊಂದೆಡೆ ಇನ್ನಷ್ಟು ನೆಲ ಬೇಕಾಗುತ್ತದೆ. ವಸ್ತುವನ್ನು ಬದಲಿಸಿ ಪರಿಮಾಣವನ್ನು ಉಳಿಸಿಕೊಂಡರೆ ಹಿಂಸೆ ಸ್ಥಳಾಂತರವಾಗುವುದೇ ಹೊರತು ಕ್ಷೀಣಿಸದು. ಭೋಗೋಪಭೋಗ ಪರಿಮಾಣವನ್ನು ದಿಗ್ವ್ರತದ ಜೊತೆಗೇ ಗುಣವ್ರತವೆಂದು ಎಣಿಸಿರುವುದರ ಮರ್ಮ ಇಲ್ಲಿದೆ: ಒಂದು ಹೆಜ್ಜೆಗೆ ಎಲ್ಲೆ ಹಾಕುತ್ತದೆ, ಇನ್ನೊಂದು ಬಯಕೆಗೆ.

ಬರುವ ದಶಲಕ್ಷಣ ಪರ್ವದಲ್ಲಿ ಮನೆಗೆ ತಿಂಗಳಿಗೆ ಇಷ್ಟೇ ಎಣ್ಣೆಯೆಂದು ಪ್ರತಿಯೊಂದು ಕುಟುಂಬವೂ ಅಳತೆ ಮಾಡಿ, ಯಮವಾಗಿ ಸಾಧ್ಯವಿಲ್ಲದಿದ್ದರೆ ಒಂದು ವರ್ಷದ ನಿಯಮವಾಗಿಯಾದರೂ ಸ್ವೀಕರಿಸಲಿ. ನಾವು ಎಂದೂ ಕಾಣದ ಕಾಡಿನ ಜೀವಿಗೆ ಅದೂ ಒಂದು ಅಭಯದಾನವೇ.